ಪಾಲು ಮನೆಗೆ, ಕೂಸು ಎಲ್ಲಿಗೆ?

ಅನ್ಯಾಯ ಎಂದೊಡನೆ ಯಾರೋ ಯಾರಿಂದಲೋ ಏನನ್ನೋ ಕಿತ್ತುಕೊಂಡ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ಏನನ್ನೂ ಕಿತ್ತುಕೊಳ್ಳದೆ, ಕೊಡಬೇಕಾದುದನ್ನು ಮನೆ ಬಾಗಿಲಿಗೇ ತಲುಪಿಸಿ, ನಯವಾಗಿ ಮಾತಾಡಿಯೂ ಅನ್ಯಾಯ ಮಾಡಲು ಸಾಧ್ಯವೇ? ಹಾವೇರಿ ಜಿಲ್ಲೆಯ ಯಾವುದೋ ಒಂದು ಓಣಿಯನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ವರ್ಷದ ಒಂದು ಹೆಣ್ಣುಕೂಸು. ಇನ್ನೂ ಸರಿಯಾಗಿ ನಡೆಯುವುದಿಲ್ಲ, ಮಾತು ಎರಡು ಮೂರು ಶಬ್ದಗಳನ್ನು ದಾಟಿಲ್ಲ. ತಾಯಿ ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗನವಾಡಿಗೆ ಬರುತ್ತಾಳೆ. ಅಕ್ಕೋರು ಬೈಯುವುದಿಲ್ಲ, ಬಾಗಿಲು ಹಾಕಿಕೊಳ್ಳುವುದಿಲ್ಲ. "ತಂಗೀ, ಹೆಸರು ಬರಕೋತೀನಿ. ಕೂಸಿಗೆ ಯಾಕ ಸುಮ್ಮನ ತ್ರಾಸು ಕೊಡ್ತೀ? ಅದರ ಪಾಲಿನ ತತ್ತಿ, ರೇಶನ್ನು ಎಲ್ಲಾ ಮನೀಗೇ ಕಳಸ್ತೀವಿ" ಅನ್ನುತ್ತಾರೆ. ತಾಯಿಗೂ ಅದು ಉಪಕಾರವೆಂದೇ ಕಾಣುತ್ತದೆ. ದಾಖಲೆಯಲ್ಲಿ ಹೆಸರಿದೆ, ತತ್ತಿ ಬರುತ್ತಿದೆ, ಯಾರ ಮೇಲೂ ಯಾರ ದೂರೂ ಇಲ್ಲ. ಕೂಸು ಮಾತ್ರ ಮನೆಯಲ್ಲಿದೆ.

ಇಂತಹ ಕಡೆ ಏನಾದರೂ ತಪ್ಪು ನಡೆದಿದೆಯೇ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಅಂಗನವಾಡಿಯೆಂದರೆ ಆಹಾರ ಹಂಚುವ ಜಾಗ ಎಂಬ ತಿಳಿವಳಿಕೆ ಅಷ್ಟು ಬಲವಾಗಿ ನಮ್ಮಲ್ಲಿ ಬೇರೂರಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗಲೇ (ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ) ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆ ಶಾಲಾಪೂರ್ವ ಶಿಕ್ಷಣವೂ ಅದರ ಭಾಗವಾಗಿತ್ತು. ಆಹಾರ ಕೊಡುವ ಕ್ರಮದಲ್ಲೇ ಒಂದು ಸೂಕ್ಷ್ಮವಿದೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳ ಆಹಾರ ಮನೆಗೆ ಹೋಗುತ್ತದೆ. ಮೂರರಿಂದ ಆರು ವರ್ಷದವರಿಗೆ ಕೇಂದ್ರದಲ್ಲೇ ಬಿಸಿಯೂಟ. ಮೂರು ತುಂಬಿದ ಮಗು ಮನೆಯಿಂದ ಹೊರಬಂದು ಬೇರೆ ಮಕ್ಕಳ ಪಕ್ಕ ಕುಳಿತು ಉಣ್ಣಬೇಕು, ಹಾಡಬೇಕು, ಜಗಳವಾಡಬೇಕು, ತನ್ನ ಸರದಿಗೆ ಕಾಯಬೇಕು ಎಂಬ ಆಲೋಚನೆ ಈ ವ್ಯತ್ಯಾಸದ ಹಿಂದಿದೆ. ಹಾಗಿದ್ದಾಗ ನಾಲ್ಕು ವರ್ಷದ ಕೂಸಿನ ಪಾಲನ್ನು ಮನೆಗೆ ಕಳಿಸುವುದೆಂದರೆ ಆ ಕೂಸಿಗೆ ಇನ್ನೂ ಮೂರು ತುಂಬಿಲ್ಲ, ಮುಂದೆಂದೂ ತುಂಬುವುದಿಲ್ಲ ಎಂದು ತೀರ್ಮಾನಿಸಿದಂತೆ.

2020ರಲ್ಲಿ ಕೊರೊನಾದಿಂದ ಅಂಗನವಾಡಿಗಳು ಮುಚ್ಚಿದಾಗ ಎಲ್ಲ ಮಕ್ಕಳ ಆಹಾರ ಪದಾರ್ಥವೂ ಮನೆಗೇ ಬಂತು. ಪಾಲು ಸಿಗುತ್ತಿದೆಯಲ್ಲ, ಇನ್ನು ಬಾಗಿಲು ತೆರೆಯುವುದೇ ಬೇಡ ಎಂದು ಆಗ ಯಾರೂ ಹೇಳಲಿಲ್ಲ. ಮಕ್ಕಳು ಏನನ್ನೋ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಎಲ್ಲರಿಗೂ ತಿಳಿದಿತ್ತು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ-ದಾವಣಗೆರೆ ರೈಲುಮಾರ್ಗದ ಮೇಲಿನ ಊರುಗಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಬಂತೆಂದರೆ ತೊಟ್ಟು ಬಿಡಿಸುವ, ಆರಿಸುವ ಕೆಲಸಕ್ಕೆ ಹೆಣ್ಣುಮಕ್ಕಳ ಕೈ ಬೇಕು. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೆಲಸಕ್ಕೂ ಅವರ ಕೈಯೇ ಬೇಕು. ಬೇರೆ ಮಕ್ಕಳನ್ನಾದರೆ ಜೊತೆಯಲ್ಲಿ ಕರೆದೊಯ್ದು ನೆರಳಿಗೆ ಬಿಡಬಹುದು. ಮೆಣಸಿನಕಾಯಿಯ ಘಾಟಿನಲ್ಲಿ ದೊಡ್ಡವರೇ ಕೆಮ್ಮುವಾಗ, ಎದ್ದು ಆಚೆ ಹೋಗಲು ಬಾರದ, ಕಣ್ಣು ಉರಿಯುತ್ತಿದೆ ಎಂದು ಹೇಳಲೂ ಬಾರದ ಕೂಸನ್ನು ಅಲ್ಲಿ ಮಲಗಿಸಲಾದೀತೇ? ತಾಯಿ ಕೂಲಿ ಬಿಡುತ್ತಾಳೆ. ಇಲ್ಲವೇ ಮೂರನೆಯ ಇಯತ್ತೆಯಲ್ಲಿ ಓದುವ ಅಕ್ಕ ಶಾಲೆ ಬಿಟ್ಟು ತಂಗಿಯನ್ನು ನೋಡಿಕೊಳ್ಳುತ್ತಾಳೆ. ಒಂದು ಮಗುವಿಗೆ ಅಂಗನವಾಡಿಯಲ್ಲಿ ಜಾಗ ಸಿಗದಿದ್ದರೆ ಇನ್ನೊಂದು ಮಗುವಿನ ಶಾಲೆಯೂ ತಪ್ಪುತ್ತದೆ. ಈ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಬರುವುದಿಲ್ಲ.

ಇನ್ನೊಂದು ನಷ್ಟವೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು, ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟಕ್ಕೆ ಕಳಿಸಬೇಕು. ತಂಡ ಬಂದ ದಿನ ಕಣ್ಣಿಗೆ ಬೀಳುವುದು ಚಾಪೆಯ ಮೇಲೆ ಕುಳಿತಿರುವ ಮಕ್ಕಳು. ಯಾರಿಗಾಗಿ ಈ ತಪಾಸಣೆ ಹೆಚ್ಚು ಬೇಕೋ ಆ ಕೂಸು ಮನೆಯಲ್ಲಿರುತ್ತದೆ. ಕಿವಿ ಕೇಳದ ಮಗುವಿನ ವಿಷಯದಲ್ಲಂತೂ ಈ ಎರಡು ಮೂರು ವರ್ಷ ಕಳೆದುಹೋದರೆ ಮತ್ತೆ ಹಿಡಿಯುವುದು ಬಹಳ ಕಷ್ಟ. ಮಾತಾಗಲಿ ಸನ್ನೆಯಾಗಲಿ, ಭಾಷೆ ಬೇರು ಬಿಡುವ ವಯಸ್ಸು ಅದು.

ಹಾಗೆಂದು ಅಕ್ಕೋರ ಮೇಲೆ ಕೆಂಗಣ್ಣು ಬಿಡುವುದು ಸುಲಭ. ಅವರು ಹೇಳುವುದನ್ನೂ ಕೇಳಬೇಕು. ಇರುವುದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮಕ್ಕಳ ತೂಕ, ಗರ್ಭಿಣಿಯರ ಲೆಕ್ಕ, 2021ರಿಂದ ಬಂದ ಪೋಷಣ್ ಟ್ರ್ಯಾಕರ್, ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸ, ಎಲ್ಲ ಅವರ ತಲೆಯ ಮೇಲೆಯೇ. ಹೆಸರಿಗೆ ಗೌರವಧನ, ದುಡಿತ ಪೂರ್ತಿ ನೌಕರಿಯದು. ಇದರ ನಡುವೆ ಮೂರ್ಛೆರೋಗದ ಮಗು, ಬಟ್ಟೆಯಲ್ಲೇ ಮಾಡಿಕೊಳ್ಳುವ ಮಗು, ಬಾಗಿಲು ತೆರೆದ ಕೂಡಲೇ ರಸ್ತೆಗೆ ಓಡುವ ಮಗು ಬಂದರೆ, ಉಳಿದ ಇಪ್ಪತ್ತು ಮಕ್ಕಳ ಗತಿಯೇನು ಎಂದು ಅವರು ಕೇಳಿದರೆ ಅದು ನೆಪವಲ್ಲ, ನಿಜವಾದ ನೈತಿಕ ಪ್ರಶ್ನೆ. ಒಬ್ಬರಿಗೆ ಕೊಟ್ಟ ಅರ್ಧ ಗಂಟೆ ಬೇರೆಯವರಿಂದ ತೆಗೆದದ್ದೇ ಆಗಿರುತ್ತದೆ.

ಈ ಪ್ರಶ್ನೆಗೆ ಅಂಗನವಾಡಿಯ ಒಳಗೇ ಒಂದು ಉತ್ತರವಿದೆ ಎಂದು ನಮಗನ್ನಿಸುತ್ತದೆ. ಯೋಜನೆಯ ನಿಯಮದಂತೆ ಸಾಮಾನ್ಯ ಮಗುವಿಗೆ ದಿನಕ್ಕೆ 500 ಕ್ಯಾಲರಿಯ ಪೂರಕ ಆಹಾರ, ತೀವ್ರ ಅಪೌಷ್ಟಿಕತೆಯ ಮಗುವಿಗೆ 800. ಒಂದೇ ಕೋಣೆ, ಒಂದೇ ವಯಸ್ಸು, ಅಳತೆ ಬೇರೆ. ಆ ಮಗುವಿಗೇಕೆ ಹೆಚ್ಚು ಎಂದು ಯಾವ ತಂದೆತಾಯಿಯೂ ಜಗಳಕ್ಕೆ ಬರುವುದಿಲ್ಲ. ಕೊರತೆ ಇದ್ದಲ್ಲಿ ಹೆಚ್ಚು ಬಡಿಸಬೇಕು ಎಂಬುದು ತಟ್ಟೆಯ ವಿಷಯದಲ್ಲಿ ನಮಗೆಲ್ಲ ಒಪ್ಪಿಗೆ. ಸಮಯದ ವಿಷಯ ಬಂದಾಗ ಮಾತ್ರ ಎಲ್ಲರಿಗೂ ಒಂದೇ ಅಳತೆ ಎನ್ನುತ್ತೇವೆ. ಆದರೆ ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು: ಆ 300 ಕ್ಯಾಲರಿಯ ಖರ್ಚನ್ನು ಸರಕಾರ ಕೊಡುತ್ತದೆ, ಹೆಚ್ಚಿನ ಅರ್ಧ ಗಂಟೆಯನ್ನು ಅಕ್ಕೋರೇ ಎಲ್ಲಿಂದಲೋ ಹೊಂದಿಸಬೇಕು. ನಮ್ಮೆಲ್ಲರ ಮೇಲಿನ ಸಾಲವನ್ನು ಒಬ್ಬ ಹೆಣ್ಣುಮಗಳ ಒಳ್ಳೆಯತನದಿಂದ ವಸೂಲು ಮಾಡುವುದೂ ನ್ಯಾಯವಲ್ಲ.

ಕಾನೂನು ಇಲ್ಲಿ ಅರ್ಧ ದಾರಿಯವರೆಗೆ ಬರುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹಳೆಯ ಏಳು ಬಗೆಯ ವೈಕಲ್ಯಗಳ ಜಾಗದಲ್ಲಿ 21ನ್ನು ಗುರುತಿಸಿತು. ಆದರೆ ಉಚಿತ ಶಿಕ್ಷಣದ ಖಾತರಿ ಅದರಲ್ಲಿ ಆರನೇ ವರ್ಷದಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆಯದೂ ಆರರಿಂದಲೇ. ಆರರೊಳಗಿನ ಮಕ್ಕಳ ವಿಷಯದಲ್ಲಿ ಸಂವಿಧಾನದ 45ನೆಯ ವಿಧಿ ಸರಕಾರ ಪ್ರಯತ್ನಿಸಬೇಕು ಎಂದಷ್ಟೇ ಹೇಳುತ್ತದೆ. ಹೀಗಾಗಿ ಮೂರರಿಂದ ಆರರವರೆಗೆ ಬಡವರ ಮಗುವಿಗೆ ಓಣಿಯಲ್ಲಿರುವ ಬಾಗಿಲು ಅಂಗನವಾಡಿಯೊಂದೇ. 2023ರ ನವೆಂಬರ್ 28ರಂದು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಇಂತಹ ಮಕ್ಕಳಿಗಾಗಿಯೇ ಅಂಗನವಾಡಿ ಮಾರ್ಗಸೂಚಿಯೊಂದನ್ನು ಹೊರತಂದಿತು. ಬೇಗ ಗುರುತಿಸುವುದು, ಕೇಂದ್ರದಲ್ಲೇ ಸೇರಿಸಿಕೊಳ್ಳುವುದು, ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ತಂಡದ ಮೂಲಕ ಚಿಕಿತ್ಸೆಗೆ ದಾರಿ ಮಾಡುವುದು ಅದರ ತಿರುಳು. ಕಾಗದ ಚೆನ್ನಾಗಿದೆ. ಅದರಲ್ಲಿ ಇನ್ನೊಂದು ಜೊತೆ ಕೈಗಳಿಲ್ಲ.

ಮನೆಯವರ ತಪ್ಪು ಕಲ್ಪನೆಯೂ ಒಂದುಂಟು. ಮೊದಲು ಹಾವೇರಿಗೆ ಹೋಗಿ ವೈಕಲ್ಯದ ಸರ್ಟಿಫಿಕೇಟು ತರಬೇಕು, ಆಮೇಲೆ ಅಂಗನವಾಡಿ ಎಂದು ಎಷ್ಟೋ ಜನ ವರ್ಷಗಟ್ಟಲೆ ಕಾಯುತ್ತಾರೆ. ಶೇಕಡಾ 40ರ ಲೆಕ್ಕ ಬೇಕಾಗುವುದು ಮಾಸಾಶನ, ಮೀಸಲಾತಿಯಂತಹ ಸೌಲಭ್ಯಗಳಿಗೆ. ಅಂಗನವಾಡಿಯ ಚಾಪೆಯ ಮೇಲೆ ಕೂರಲು ಮಗುವಾಗಿದ್ದರೆ ಸಾಕು.

ಇಂತಹ ಮಕ್ಕಳನ್ನು 'ದೇವರ ಮಕ್ಕಳು' ಎಂದು ಕರೆಯುವ ರೂಢಿಯ ಬಗ್ಗೆ ನಮಗೆ ಮೊದಲಿನಿಂದಲೂ ಸಂಶಯ. ಹಾಗೆ ಕರೆದವರು ಕೈಮುಗಿದು ದೂರ ನಿಲ್ಲುತ್ತಾರೆ. ದೇವರ ಮಕ್ಕಳಿಗೆ ಚಾಪೆಯೂ ಬೇಡ, ಪಕ್ಕದಲ್ಲಿ ಕೂರುವ ಗೆಳತಿಯೂ ಬೇಡ ನೋಡಿ.

ಎಲ್ಲ ಮಕ್ಕಳಿಗೂ ಅಂಗನವಾಡಿಯೇ ಸಾಕೆಂದು ನಾವು ಹೇಳುತ್ತಿಲ್ಲ. ಸನ್ನೆಭಾಷೆ ಕಲಿಸುವವರು ಬೇಕಾದ ಮಗುವಿಗೆ, ದಿನವೂ ಫಿಜಿಯೋಥೆರಪಿ ಬೇಕಾದ ಮಗುವಿಗೆ ಬೇರೆ ವ್ಯವಸ್ಥೆಯೂ ಬೇಕು. ಆದರೆ ಆ ವ್ಯವಸ್ಥೆ ಸಿಗುವವರೆಗೆ ನಾಲ್ಕು ಗೋಡೆಯೇ ಗತಿ ಎನ್ನುವುದು ಒಪ್ಪತಕ್ಕ ಮಾತಲ್ಲ.

ಅಕ್ಕೋರನ್ನು "ಸೇರಿಸಿಕೊಳ್ತೀರೇನ್ರಿ?" ಎಂದು ಕೇಳುವ ಬದಲು "ಯಾವ ಹೊತ್ತಿಗೆ ಕರಕೊಂಡು ಬರಲಿ, ಎಲ್ಲಿ ಕೂರಸ್ತೀರಿ?" ಎಂದು ಕೇಳಬಹುದು. ಮೊದಲ ಕೆಲವು ವಾರ ದಿನಕ್ಕೆ ಎರಡೇ ತಾಸು, ತಾಯಿಯೋ ಅಜ್ಜಿಯೋ ಜೊತೆಗೆ ಕುಳಿತು. ಅಜ್ಜಿ ಇಲ್ಲದ ಮನೆಗಳಿಗೆ ಓಣಿಯ ಇನ್ನೊಬ್ಬ ಹೆಂಗಸು, ಸರದಿಯ ಮೇಲೆ. ಮಸೀದಿಯ ಜಮಾತು, ಗುಡಿಯ ಸಮಿತಿ, ಸ್ವಸಹಾಯ ಸಂಘ, ಯಾರೇ ಆಗಲಿ ಇಂತಹ ಸರದಿಯೊಂದನ್ನು ಹೊಂದಿಸಲು ಸರಕಾರದ ಆದೇಶವೇನೂ ಬೇಕಿಲ್ಲ. ಬ್ಯಾಡಗಿಯ ಕಡೆಯವರಾದರೆ ದಸರೆ, ದೀಪಾವಳಿಯ ಹೊತ್ತಿಗೇ ಶುರುಮಾಡುವುದು ಒಳ್ಳೆಯದು. ಹೊಸ ಮೆಣಸಿನಕಾಯಿ ಪೇಟೆಗೆ ಬರತೊಡಗಿದರೆ ತಾಯಿಗೆ ಎರಡು ತಾಸು ಕೂರುವ ಬಿಡುವು ಇರುವುದಿಲ್ಲ. ಅಷ್ಟರೊಳಗೆ ಕೂಸಿಗೆ ಆ ಕೋಣೆ, ಆ ದನಿ ರೂಢಿಯಾಗಿರಬೇಕು.