ನೀಲಾಂಜನೆಯ ನೃತ್ಯ

ಪಂಪನ 'ಆದಿಪುರಾಣ'ದ ನೀಲಾಂಜನೆಯ ಪ್ರಸಂಗವನ್ನು ಪಾಠಮಾಡುವಾಗ ನಾವು ಅಧ್ಯಾಪಕರು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ: ಸಂಸಾರ ಅನಿತ್ಯ, ಭೋಗ ಕ್ಷಣಿಕ, ಆದುದರಿಂದ ವೈರಾಗ್ಯವೇ ಲೇಸು. ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ; ಪರೀಕ್ಷೆಯಲ್ಲಿ ಅದನ್ನೇ ನಮಗೆ ಹಿಂದಿರುಗಿಸುತ್ತಾರೆ; ಗಂಟೆ ಬಾರಿಸಿದೊಡನೆ ಆ ಅನಿತ್ಯ ಸಂಸಾರದೊಳಕ್ಕೆ ಕೇಕೆ ಹಾಕುತ್ತ ಓಡುತ್ತಾರೆ. ಓಡುವ ಅವರು ಸರಿಯೋ, ಕರಿಹಲಗೆಯ ಬಳಿ ನಿಂತ ನಾವು ಸರಿಯೋ ಎಂಬ ಶಂಕೆ ನಮ್ಮನ್ನು ಬಹುಕಾಲದಿಂದ ಕಾಡುತ್ತಿದೆ.

ಕಥೆ ಎಲ್ಲರಿಗೂ ತಿಳಿದುದೇ. ರಾಜ್ಯಭೋಗದಲ್ಲಿ ಮಗ್ನನಾದ ಆದಿದೇವನಿಗೆ ವೈರಾಗ್ಯ ಹುಟ್ಟಿಸಬೇಕೆಂದು ದೇವೇಂದ್ರನು ಆಯುಸ್ಸು ಮುಗಿಯಲಿರುವ ನರ್ತಕಿಯೊಬ್ಬಳನ್ನು ಸಭೆಯಲ್ಲಿ ಕುಣಿಸುತ್ತಾನೆ. ನೃತ್ಯದ ನಡುವೆ ನೀಲಾಂಜನೆ ಮಿಂಚಿನಂತೆ ಅಳಿದುಹೋಗುತ್ತಾಳೆ. ರಸಭಂಗವಾಗದಂತೆ ಇಂದ್ರನು ಆ ಕ್ಷಣವೇ ಅವಳಂತಹ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ. ಆದಿದೇವನಿಗೆ ಮಾತ್ರ ತಿಳಿಯುತ್ತದೆ. ಪಂಪನು ಇದನ್ನು ಬರೆದುದು ಕ್ರಿ. ಶ. ೯೪೧ರಲ್ಲಿ, ಜಿನಸೇನಾಚಾರ್ಯರ ಸಂಸ್ಕೃತ ಪುರಾಣವನ್ನು ಆಧರಿಸಿ.

ಸಭೆಗೆ ಏಕೆ ತಿಳಿಯಲಿಲ್ಲ? ಅವರೆಲ್ಲ ಭೋಗದಲ್ಲಿ ಮುಳುಗಿದ್ದರು ಎಂದು ನಾವು ಹೇಳುತ್ತ ಬಂದಿದ್ದೇವೆ. ಹಾಗಲ್ಲವೆಂದು ಈಗ ತೋರುತ್ತದೆ. ನಿಜವಾಗಿ ಮುಳುಗಿದ್ದರೆ ಮೊದಲ ನರ್ತಕಿಯ ಹೆಜ್ಜೆಗೂ ಎರಡನೆಯವಳ ಹೆಜ್ಜೆಗೂ ಇದ್ದ ಭೇದ ಕಾಣದಿರುತ್ತಿತ್ತೆ? ಅವರು ನೃತ್ಯವನ್ನು ನೋಡುತ್ತಿರಲಿಲ್ಲ, ನೃತ್ಯ ನಡೆಯುತ್ತಿದೆ ಎಂಬುದನ್ನಷ್ಟೇ ನೋಡುತ್ತಿದ್ದರು. ಆ ಸಭೆಯಲ್ಲಿ ನೀಲಾಂಜನೆಯನ್ನು ಕಣ್ತುಂಬ ಕಂಡವನು ಒಬ್ಬನೇ; ಎದ್ದುಹೋದವನೂ ಅವನೇ.

ಇದರ ನಿಜ ನಮಗೆ ಮನದಟ್ಟಾದುದು ಒಂದು ಬಯಲಾಟದ ರಾತ್ರಿ. ಪತ್ತನಾಜೆಗೆ ಕೆಲವೇ ದಿನಗಳಿದ್ದುವು. ಮೇಳ ಗೆಜ್ಜೆ ಬಿಚ್ಚುವ ಮೊದಲಿನ ಆಟಗಳಲ್ಲಿ ಒಂದು. ನಾವು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೆವು, ಆದರೆ ಮನಸ್ಸು ಮನೆಯಲ್ಲಿ ತಿದ್ದದೆ ಬಿಟ್ಟುಬಂದ ಉತ್ತರಪತ್ರಿಕೆಗಳ ಕಟ್ಟಿನ ಮೇಲಿತ್ತು. ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದ ವೃದ್ಧ ಕೃಷಿಕರೊಬ್ಬರು ನಿದ್ರಿಸುತ್ತಿದ್ದಾರೆಂದೇ ನಾವು ಭಾವಿಸಿದ್ದೆವು. ಕಣ್ಣು ತೆರೆಯದೆಯೇ ಅವರು, "ಮದ್ದಳೆಯ ಕೈ ಬದಲಾಯಿತು" ಎಂದರು. ತಲೆಯೆತ್ತಿ ನೋಡಿದೆವು, ವಾದಕರು ಬದಲಾಗಿದ್ದರು. ಇಂದ್ರನ ಮೋಸ ನಮ್ಮ ಮೇಲೆ ಎಷ್ಟು ಸುಲಭವಾಗಿ ನಡೆಯುತ್ತಿತ್ತು! ಬೆಳಗಾದ ಮೇಲೆ ಆ ವೃದ್ಧರು ಚಾಪೆ ಸುತ್ತಿಕೊಂಡು ಅಡಕೆ ತೋಟಕ್ಕೆ ನೀರು ಬಿಡಲು ಹೋದರು.

ಇಲ್ಲಿ ಒಂದು ತೊಡಕು ಇದೆ. ಇಬ್ಬರೂ ಕಂಡರು, ಒಬ್ಬನು ಕಾಡಿಗೆ ಹೋದನು, ಒಬ್ಬರು ತೋಟಕ್ಕೆ ಹೋದರು. ಎಚ್ಚರವೊಂದೇ ಸಾಕಾದರೆ ತ್ಯಾಗವೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಆದಿದೇವನು ಎದ್ದ ಕ್ಷಣವನ್ನಲ್ಲದೆ ಅದಕ್ಕೆ ಮುಂಚಿನ ಕಾಲವನ್ನೂ ನೋಡಬೇಕು. ಪುರಾಣದ ಎಣಿಕೆಯಲ್ಲಿ ಆತನ ಆಯುಸ್ಸು ೮೪ ಲಕ್ಷ ಪೂರ್ವಗಳು. ಅದರಲ್ಲಿ ಕುಮಾರಕಾಲ ೨೦ ಲಕ್ಷ, ರಾಜ್ಯವಾಳಿದುದು ೬೩ ಲಕ್ಷ. ತಪಸ್ಸಿಗೆ ಉಳಿದುದು ಒಂದೇ ಲಕ್ಷ. ಆ ದೀರ್ಘಕಾಲದಲ್ಲಿ ಆತನು ಜನಕ್ಕೆ ಕೃಷಿ, ವಾಣಿಜ್ಯ, ಶಿಲ್ಪ ಮೊದಲಾದ ಷಟ್ಕರ್ಮಗಳನ್ನು ಕಲಿಸಿದನು. ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಹೇಳಿಕೊಟ್ಟನು. (ಉಪಾಧ್ಯಾಯ ವೃತ್ತಿಯವರಾದ ನಾವು ಇದನ್ನು ಸ್ವಲ್ಪ ಹೆಮ್ಮೆಯಿಂದ ನೆನೆದರೆ ತಪ್ಪಿಲ್ಲ.) ಮಕ್ಕಳಿಗೆ ರಾಜ್ಯವನ್ನು ಹಂಚಿಕೊಟ್ಟ ಮೇಲೆ ಹೊರಟನು. ಅವನ ತ್ಯಾಗ ಪಲಾಯನವಲ್ಲ.

ನಮ್ಮದು ಪಲಾಯನವಾಗಿತ್ತು. ಹೊಸದಾಗಿ ಉದ್ಯೋಗಕ್ಕೆ ಸೇರಿದ ದಿನಗಳಲ್ಲಿ ನಮಗೆ ಅಧ್ಯಾತ್ಮದ ಹುಚ್ಚು ಹಿಡಿದಿತ್ತು. ನಸುಕಿನಲ್ಲಿ ಎದ್ದು ಬಾಗಿಲು ಹಾಕಿಕೊಂಡು ಜಪಕ್ಕೆ ಕೂರುತ್ತಿದ್ದೆವು. ಹೊರಗೆ ತಾಯಿ ಬಾವಿಯಿಂದ ನೀರು ಸೇದುತ್ತಿದ್ದರು. ಆ ರಾಟೆಯ ಕಿರುಗುಟ್ಟುವಿಕೆ ಏಕಾಗ್ರತೆಗೆ ಭಂಗವೆಂದು ಒಂದು ದಿನ ಸಿಡುಕಿದೆವು. ಮರುದಿನದಿಂದ ಅವರು ನಾವು ಏಳುವುದಕ್ಕೆ ಮೊದಲೇ, ಕತ್ತಲಲ್ಲಿ, ನೀರು ಸೇದಿಡತೊಡಗಿದರು. ಎಷ್ಟು ಹೊತ್ತಿಗೆ ಏಳುತ್ತಿದ್ದರೋ ನಾವು ಕೇಳಲಿಲ್ಲ. ಮೌನ ದೊರೆತುದಕ್ಕೆ ಸಂತೋಷಪಟ್ಟೆವು. ಈಗ ಆ ಕೈಗಳಿಲ್ಲ. ರಾಟೆ ತುಕ್ಕು ಹಿಡಿದು ತೂಗುತ್ತಿದೆ.

ಮೂಡಬಿದರೆಯ ರತ್ನಾಕರವರ್ಣಿಯು ೧೬ನೆಯ ಶತಮಾನದಲ್ಲಿ ಈ ವಿರೋಧವನ್ನೇ ಒಪ್ಪಲಿಲ್ಲ. ಅವನ 'ಭರತೇಶ ವೈಭವ'ದ ನಾಯಕನು ಆದಿದೇವನ ಹಿರಿಯ ಮಗ. ಅರಮನೆಯಲ್ಲಿದ್ದೇ ಆತ್ಮಧ್ಯಾನ ಮಾಡುವವನು, ಉಂಡು ನಲಿದೇ ಯೋಗಿಯಾದವನು. ಸಾಂಗತ್ಯದ ಆ ಕಾವ್ಯದಲ್ಲಿ 'ಯೋಗವಿಜಯ'ದ ಜೊತೆಗೆ 'ಭೋಗವಿಜಯ'ವೆಂಬ ಭಾಗವೂ ಇದೆ. ಹೆಸರು ಎಷ್ಟು ಧೀರವಾದುದು! ಆದರೂ ಓದುತ್ತ ನಮಗೆ ಒಂದು ಅಸೂಯೆ ಹುಟ್ಟುವುದುಂಟು. ಚಕ್ರವರ್ತಿಗೆ ಭೋಗವೂ ಸುಲಭ, ಧ್ಯಾನಕ್ಕೆ ಬಿಡುವೂ ಸುಲಭ. ಹೊಳೆ ದಾಟಿ ಶಾಲೆಗೆ ಬರುವ ಹುಡುಗನಿಗೆ, ತಿಂಗಳ ಕೊನೆಯಲ್ಲಿ ಅಂಗಡಿಯ ಸಾಲದ ಪುಸ್ತಕಕ್ಕೆ ಅಂಜುವ ಗೃಹಸ್ಥನಿಗೆ, ಬಿಡಲು ಭೋಗವೆಲ್ಲಿದೆ? ಅವನಿಗೆ ವೈರಾಗ್ಯವನ್ನು ಬೋಧಿಸುವುದು ಬರಿಗೈಯವನಿಗೆ ದಾನಮಾಡೆಂದಂತೆ. "ಈ ಕ್ಷಣವನ್ನು ಸವಿ" ಎಂದು ಅವನಿಗೆ ಹೇಳುವುದೂ ಅಷ್ಟೇ ಕ್ರೂರವಾದೀತು, ಅವನ ಕ್ಷಣ ಹೇಗಿದೆ ಎಂದು ನಾವು ನೋಡದಿದ್ದರೆ.

ಈ ವರ್ಷ ನಾವು ಆ ಪಾಠವನ್ನು ಸಾರಾಂಶದಿಂದ ಆರಂಭಿಸಲಿಲ್ಲ. ನೃತ್ಯದ ಪದ್ಯಗಳನ್ನೇ ಎರಡು ಸಲ ನಿಧಾನವಾಗಿ ಓದಿದೆವು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ತನ್ನ ಆಯುಸ್ಸು ಮುಗಿಯುತ್ತಿದೆಯೆಂದು ನೀಲಾಂಜನೆಗೆ ಗೊತ್ತಿತ್ತೆ?" ಎಂದು ಕೇಳಿದಳು. ಆದಿದೇವನ ವೈರಾಗ್ಯವನ್ನು ಇಷ್ಟು ವರ್ಷ ಕೊಂಡಾಡಿದ ನಾವು ಆ ನರ್ತಕಿಯ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ. ಒಬ್ಬನಿಗೆ ಪಾಠವಾಗಲೆಂದು ಇಂದ್ರನು ಅವಳ ಸಾವನ್ನು ಬಳಸಿಕೊಂಡನಲ್ಲವೆ? ಉತ್ತರ ಹೊಳೆಯಲಿಲ್ಲ. ಮಕ್ಕಳು ತಮ್ಮತಮ್ಮಲ್ಲೇ ವಾದಿಸತೊಡಗಿದರು. ಗೊತ್ತಿತ್ತೆಂದು ಕೆಲವರು, ಇಲ್ಲವೆಂದು ಕೆಲವರು, ಗೊತ್ತಿದ್ದರೂ ಕುಣಿಯುತ್ತಿದ್ದಳೆಂದು ಆ ಹುಡುಗಿ. ಗಂಟೆ ಬಾರಿಸಿತು. ಆ ದಿನ ಒಡನೆಯೇ ಯಾರೂ ಓಡಲಿಲ್ಲ.