ಹೋದ ಮಾತನ್ನು ಮತ್ತೆ ಕಳಿಸಬೇಕೆ?

ದಾರಿಯಲ್ಲಿ ಕಳೆದುಹೋದ ಮಾತನ್ನು ಮತ್ತೆ ಹೇಳಬೇಕೆ, ಅಥವಾ ಹೋದದ್ದು ಹೋಯಿತು ಅಂತ ಮುಂದಿನ ಮಾತಿಗೆ ಹೋಗಬೇಕೆ? ಇದು ನೆಂಟಸ್ತಿಕೆಯ ಪ್ರಶ್ನೆಯ ಹಾಗೆ ಕೇಳಿಸುತ್ತದೆ. ನನ್ನನ್ನು ಇದು ಕಾಡಲು ಶುರುಮಾಡಿದ್ದು ಮಾತ್ರ ಒಂದೇ ಕೋಣೆಯಲ್ಲಿರುವ ಎರಡು ಕಂಪ್ಯೂಟರುಗಳಿಂದ.

ಒಂದು ಕಂಪ್ಯೂಟರಿಗೆ ಸೆನ್ಸರ್ ಜೋಡಿಸಿದೆ ಅಂದುಕೊಳ್ಳಿ. ಯಂತ್ರದ ತೋಳು ಈಗ ಎಲ್ಲಿದೆ ಅಂತ ಅದು ಸೆಕೆಂಡಿಗೆ ಸಾವಿರ ಸಲ ಅಳೆಯುತ್ತೆ. ಇನ್ನೊಂದು ಕಂಪ್ಯೂಟರ್ ಆ ಅಳತೆ ನೋಡಿಕೊಂಡು ತೋಳನ್ನು ನಡೆಸಬೇಕು. ನಡುವೆ ಒಂದು ಲ್ಯಾನ್ ಕೇಬಲ್. ಗಿಗಾಬಿಟ್ ವೇಗದಲ್ಲಿ 1500 ಬೈಟ್‌ಗಳನ್ನು ತಂತಿಗೆ ಇಳಿಸಲು 12 ಮೈಕ್ರೋಸೆಕೆಂಡ್ ಸಾಕು. ಅಂದರೆ ತಂತಿ ನಿಧಾನ ಅಲ್ಲ. ನಿಧಾನ ಆಗೋದು ಕಾಯೋದರಿಂದ.

ಕಾಯುವುದು ಟಿಸಿಪಿಯ ಸ್ವಭಾವ. ಅದು ಬಹಳ ಪ್ರಾಮಾಣಿಕ ಅಂಚೆಯಣ್ಣ. ಕೊಟ್ಟದ್ದೆಲ್ಲ ಮುಟ್ಟಬೇಕು, ಕೊಟ್ಟ ಕ್ರಮದಲ್ಲೇ ಮುಟ್ಟಬೇಕು. ಹತ್ತನೆಯ ಪ್ಯಾಕೆಟ್ ಕಳೆದರೆ, ಹನ್ನೊಂದು, ಹನ್ನೆರಡು ಬಂದು ಬಾಗಿಲಲ್ಲಿ ನಿಂತಿದ್ದರೂ ಒಳಗೆ ಬಿಡೋದಿಲ್ಲ. ಕಳೆದದ್ದು ಹಿಂದಿನಿಂದ ಬಂದ ಪ್ಯಾಕೆಟ್‌ಗಳಿಂದ ಬೇಗ ಗೊತ್ತಾದರೆ ಸರಿ. ಇಲ್ಲದಿದ್ದರೆ ಗಡಿಯಾರ ನೋಡ್ತಾ ಕೂರಬೇಕು. ಲಿನಕ್ಸ್‌ನಲ್ಲಿ ಆ ಕಾಯುವಿಕೆ ಮಾಮೂಲಾಗಿ ಕನಿಷ್ಠ 200 ಮಿಲಿಸೆಕೆಂಡ್. ಅಷ್ಟರಲ್ಲಿ ತೋಳು ಎಲ್ಲೋ ಹೋಗಿರುತ್ತೆ.

ಯುಡಿಪಿ ಇದಕ್ಕೆ ತದ್ವಿರುದ್ಧ. 1980ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಅದರ ವಿವರಣೆ ಮೂರೇ ಪುಟ. ಕಳಿಸುತ್ತೆ, ಮರೆಯುತ್ತೆ. ಮುಟ್ಟಿತೇ ಅಂತ ಕೇಳೋದಿಲ್ಲ. ಇದು ಬೇಜವಾಬ್ದಾರಿ ಅನ್ನಿಸಬಹುದು. ಆದರೆ ಇಂಥದ್ದೊಂದು ದಾರಿ ಬೇಕು ಅಂತ ಪಟ್ಟು ಹಿಡಿದವರಲ್ಲಿ ಒಬ್ಬರು, ನೆಟ್‌ವರ್ಕಿನಲ್ಲಿ ದನಿ ಕಳಿಸುವ ಪ್ರಯೋಗ ನಡೆಸುತ್ತಿದ್ದ ಡ್ಯಾನಿ ಕೋಹೆನ್. ಮೊದಲಿಗೆ ಟಿಸಿಪಿ ಒಂದೇ ಗಂಟಾಗಿತ್ತು. 1970ರ ದಶಕದ ಕೊನೆಯಲ್ಲಿ ಅದನ್ನು ಟಿಸಿಪಿ, ಐಪಿ ಅಂತ ಬಿಡಿಸಿದ್ದಕ್ಕೆ ಇದೂ ಒಂದು ಕಾರಣ. ಮಾತಿನ ನಡುವೆ ಒಂದು ಅಕ್ಷರ ಹಾರಿದರೆ ಕಿವಿ ಸರಿಮಾಡಿಕೊಳ್ಳುತ್ತೆ. ಪ್ರತಿ ಮಾತೂ ತಡವಾಗಿ ಬಂದರೆ ಮಾತುಕತೆಯೇ ಕೆಡುತ್ತೆ.

ಹಾಗಾದರೆ ಯುಡಿಪಿಯೇ ಸರಿ ಅಂತೀರಾ? ತಾಳಿ. ಅದೇ ಕೇಬಲಿನಲ್ಲಿ ಇನ್ನೊಂದು ಸುದ್ದಿಯೂ ಹೋಗಬೇಕು: ಯಾರೋ ‘ನಿಲ್ಲಿಸು’ ಅಂತ ಬಟನ್ ಒತ್ತಿದ್ದಾರೆ. ತೋಳಿನ ಒಂದು ಅಳತೆ ಕಳೆದರೆ ಮುಂದಿನದು ಅದರ ಜಾಗ ತುಂಬುತ್ತೆ. ಹಳೆಯದನ್ನು ಹುಡುಕಿ ತಂದುಕೊಟ್ಟರೆ ಅದು ಉಪಕಾರವಲ್ಲ, ‘ಈಗ’ ಅಂತ ಹೇಳಿಕೊಂಡು ಬರುವ ‘ಆಗ’. ಆದರೆ ಬಟನ್ ಒತ್ತಿದ್ದು ಒಂದೇ ಸಲ. ಆ ಸುದ್ದಿ ಕಳೆದರೆ ಮುಂದಿನ ಯಾವ ಅಳತೆಯೂ ಅದನ್ನು ತುಂಬಿಕೊಡೋದಿಲ್ಲ. ಹಾಗಾಗಿ ತಿಳಿದವರು ‘ಸಿಕ್ಕಿತು’ ಅನ್ನುವ ಉತ್ತರ ಬರುವವರೆಗೆ ಅದನ್ನು ಮತ್ತೆ ಮತ್ತೆ ಕಳಿಸುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಇದರ ಬದಲಿಗೆ ಇನ್ನೊಂದು ಬರುತ್ತದೆಯೇ?

ಊರಲ್ಲಿರುವ ಅಮ್ಮನಿಗೆ ನಿನ್ನೆ ಫೋನ್ ಮಾಡಲಾಗಲಿಲ್ಲ ಅಂದರೆ ಇವತ್ತು “ಊಟ ಆಯ್ತಾ?” ಅಂದರೆ ಸಾಕು. ನಿನ್ನೆಯ ಊಟದ ಲೆಕ್ಕ ಯಾರಿಗೂ ಬೇಡ. ಆದರೆ ಕೇಳಬೇಕಿದ್ದ ಕ್ಷಮೆ, ತೀರಿಸಬೇಕಿದ್ದ ಸಾಲ, ಕೊಟ್ಟ ಭಾಷೆ, ಇವುಗಳ ಜಾಗವನ್ನು ನಾಳೆಯ ನಗು ತುಂಬುವುದಿಲ್ಲ. ಎಷ್ಟೇ ತಡವಾಗಲಿ, ಅದನ್ನೇ ಮುಟ್ಟಿಸಬೇಕು.

ನಾವು ಮಾಡೋದು ಉಲ್ಟಾ. ಕ್ಷಮೆ ಕೇಳಬೇಕಾದ ಕಡೆ “ಹೋಗ್ಲಿ ಬಿಡಿ, ಆಗಿದ್ದು ಆಯ್ತು” ಅನ್ನುವ ಯುಡಿಪಿ. ಹತ್ತು ವರ್ಷದ ಹಿಂದೆ ಮದುವೆಮನೆಯಲ್ಲಿ ನೆಂಟರೊಬ್ಬರು ಆಡಿದ ಮಾತಿಗೆ ಮಾತ್ರ ಟಿಸಿಪಿ: ಅದು ಇತ್ಯರ್ಥ ಆಗುವವರೆಗೆ ಆಮೇಲೆ ಬಂದ ಒಳ್ಳೆಯದನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿರ್ತೀವಿ.

ಗಂಟು ಇರೋದು ಇಲ್ಲೇ. ಆಡಿದವರಿಗೆ ಅದು ಹಾದುಹೋದ ಮಾತು, ಕೇಳಿದವರಿಗೆ ಒಂದೇ ಸಲ ಬಿದ್ದ ಪೆಟ್ಟು. ಇದು ಯಾವುದು ಅಂತ ನಿರ್ಧರಿಸುವವರು ಯಾರು? ನಡುವಿನ ತಂತಿಗೆ ಅರ್ಥ ಗೊತ್ತಿಲ್ಲ, ಕೊನೆಯ ಜವಾಬ್ದಾರಿ ಎರಡು ತುದಿಗಳದ್ದೇ ಅಂತ ಸಾಲ್ಟ್ಜರ್, ರೀಡ್, ಕ್ಲಾರ್ಕ್ 1984ರ ಲೇಖನದಲ್ಲಿ ವಾದಿಸಿದರು. ಕಂಪ್ಯೂಟರುಗಳಾದರೆ ಎರಡೂ ತುದಿಯವರು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತಾರೆ. ಮನುಷ್ಯರಲ್ಲಿ ಅಂಥ ಒಪ್ಪಂದ ಇಲ್ಲ.

ನನಗೆ ಅನ್ನಿಸೋದು ಇಷ್ಟು. ನಷ್ಟ ಯಾರಿಗಾಯಿತೋ ತೀರ್ಪು ಅವರದ್ದು. “ಹೋಗ್ಲಿ ಬಿಡಿ” ಅನ್ನುವ ಹಕ್ಕು ಕಳೆದುಕೊಂಡವರಿಗೆ ಉಂಟು, ಕಳೆದವರಿಗಿಲ್ಲ. ಕಳಿಸಿದವರ ಪಾಲಿಗೆ ಉಳಿಯುವುದು ಮತ್ತೊಮ್ಮೆ ಕಳಿಸುವ ಕೆಲಸ. ಕಾಯುತ್ತಾ ಕೂತವರೂ ಆಗಾಗ ಎದ್ದು, ಬಾಗಿಲಲ್ಲಿ ಎಷ್ಟು ಜನ ನಿಂತಿದ್ದಾರೆ ಅಂತ ನೋಡಿದರೆ ಒಳ್ಳೆಯದು.