ಚೀಲದಲ್ಲಿದ್ದ ನೀರು

ಬೆಟ್ಟ ಹತ್ತುವಾಗ ಮುಂದೆ ಹೋದವನಿಗೆ ಹಿಂದೆ ಉಳಿದವನ ಹೊಣೆ ಇದೆಯೇ? ಕಾಲಲ್ಲಿ ಕಸುವಿದ್ದವನು ಮುಂದೆ ಹೋಗುತ್ತಾನೆ, ಇಲ್ಲದವನು ನಿಧಾನವಾಗಿ ಬರುತ್ತಾನೆ, ಇದರಲ್ಲಿ ತಪ್ಪೇನು ಎಂದೇ ನಾನೂ ತಿಳಿದಿದ್ದೆ. ಜೋಗಿಮಟ್ಟಿಯಲ್ಲಿ ಕಳೆದ ಒಂದು ದಿನ ಆ ಸಮಾಧಾನವನ್ನು ಕೆಡಿಸಿತು.

ಚಿತ್ರದುರ್ಗದ ದಕ್ಷಿಣಕ್ಕಿರುವ ಈ ಬೆಟ್ಟಸಾಲಿಗೆ ನಾವು ಆಡುಮಲ್ಲೇಶ್ವರದ ಕಡೆಯಿಂದ ಬೆಳಿಗ್ಗೆಯೇ ಹೊರಟಿದ್ದೆವು. ನಾವು ಮೂವರು ಗೆಳೆಯರು. ಜೊತೆಗೆ ಬಿ.ದುರ್ಗ ಹೋಬಳಿಯ ಒಬ್ಬ ಹಿರಿಯ ಕೃಷಿಕರು. ಅವರು ನನ್ನ ತಂದೆಯ ಸ್ನೇಹಿತರು. ಜಾತಿ, ಧರ್ಮ ಬೇರೆಯಾದರೂ ಚಿಕ್ಕಂದಿನಿಂದಲೂ ನಾನು ಅವರನ್ನು ಕರೆಯುವುದು 'ದೊಡ್ಡಪ್ಪ' ಎಂದೇ. ಅರ್ಧ ದಾರಿಯಲ್ಲಿ ಅವರ ಮಂಡಿ ನೋಯತೊಡಗಿತು. "ನೀವು ನಡೀರಪ್ಪಾ, ನಾನು ನಿಧಾನಕ್ಕೆ ಬರ್ತೀನಿ" ಎಂದರು. ನಾವು ಆ ಮಾತಿಗಾಗಿಯೇ ಕಾಯುತ್ತಿದ್ದವರಂತೆ ಹೊರಟೆವು.

ಮೇಲೆ ಗಾಳಿ ಜೋರಾಗಿತ್ತು. ಸಾಲುಸಾಲು ಗುಡ್ಡಗಳು, ದೂರದಲ್ಲಿ ಗಾಳಿಯಂತ್ರಗಳು, ಒಂದು ಬದಿಗೆ ದುರ್ಗದ ಕೋಟೆ. ಝುಹರ್ ನಮಾಝಿನ ವೇಳೆಯಾಗಿತ್ತು. ಬಾಟಲಿಗಳ ನೀರಿನಿಂದಲೇ ವುಝೂ ಮಾಡಿ ನಮಾಝ್ ನಿರ್ವಹಿಸಿದೆವು. ಮನಸ್ಸು ತುಂಬಿತ್ತು.

ಮರಳಿ ಬಂದಾಗ ದೊಡ್ಡಪ್ಪ ಮರದಡಿ ಒರಗಿ ಕುಳಿತಿದ್ದರು. ಅರಣ್ಯದ ಕಾವಲುಗಾರನೊಬ್ಬ ತನ್ನ ಕ್ಯಾನಿನಿಂದ ಅವರಿಗೆ ನೀರು ಕುಡಿಸುತ್ತಿದ್ದ. ಕರಡಿ, ಚಿರತೆ ತಿರುಗಾಡುವ ಕಾಡು ಅದು. ದೊಡ್ಡಪ್ಪ ಸಿಟ್ಟಾಗಲಿಲ್ಲ. "ನೀರೆಲ್ಲಾ ನಿನ್ನ ಚೀಲದಾಗೇ ಉಳೀತಲ್ಲೋ ಮಗಾ" ಎಂದರು, ಅಷ್ಟೇ.

ನೀರು ಕುಡಿಯಲು ಬೇಕಾಗಿ, ತನಗೋ ಸಹಪ್ರಯಾಣಿಕನಿಗೋ ಬಾಯಾರಿಕೆಯ ಭಯವಿದ್ದರೆ ನೀರನ್ನು ಉಳಿಸಿ ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಬಹುದೆಂದು ನಮ್ಮ ಧರ್ಮಶಾಸ್ತ್ರವೇ ಹೇಳುತ್ತದೆ. ಮದ್ರಸದಲ್ಲಿ ಬಾಲ್ಯದಲ್ಲೇ ಕಲಿತ ಪಾಠ. ಆದರೆ ಆ ಬೆಟ್ಟದ ಮೇಲೆ ನನಗೆ ವುಝೂವಿನ ನಿಯಮ ನೆನಪಿತ್ತು, ಮನುಷ್ಯನ ನೆನಪಿರಲಿಲ್ಲ. ಮಣ್ಣು ಕಾಲಡಿಯಲ್ಲೇ ಇತ್ತು.

ಇಳಿದು, ಊರಿನ ಅಂಚು ಹಿಡಿದು, ಅಸರ್ ಹೊತ್ತಿಗೆ ಚಂದ್ರವಳ್ಳಿಯ ಕಣಿವೆ ಸೇರಿದೆವು. ಈಗ ನಾವು ದೊಡ್ಡಪ್ಪನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದೆವು. ಅಲ್ಲಿ ಬಂಡೆಯೊಂದರ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಎಂ.ಎಚ್. ಕೃಷ್ಣ ಅವರ ಓದಿನಂತೆ ಅದರಲ್ಲಿ ಅವನು ಗೆದ್ದ ನಾಡುಗಳ ಪಟ್ಟಿಯಿದೆ, ಕೆರೆಯ ಮಾತೂ ಇದೆ. ಗೆದ್ದ ನಾಡುಗಳು ಇಂದು ಇತಿಹಾಸದ ಪುಸ್ತಕಗಳಲ್ಲಿವೆ. ಕಣಿವೆಯಲ್ಲಿ ಕೆರೆ ಇನ್ನೂ ಇದೆ.

ನೀರು ನೋಡುತ್ತಾ ದೊಡ್ಡಪ್ಪ ತಮ್ಮ ತೋಟದ ಕಥೆ ಹೇಳಿದರು. ಪಕ್ಕದವನು ಆಳಕ್ಕೆ ಬೋರ್‌ವೆಲ್ ಕೊರೆಸಿದಾಗ ಇವರದು ಬತ್ತಿತು. ಇವರು ಸಾಲ ಮಾಡಿ ಇನ್ನೂ ಆಳಕ್ಕೆ ಹೋದರು. ಆಗ ಸಾಲವೂ ಹುಟ್ಟದ ಮತ್ತೊಬ್ಬನ ಅಡಿಕೆ ಒಣಗಿತು. "ಬೆಳಿಗ್ಗೆ ನೀನು ಮಾಡಿದ್ದನ್ನ ನಾನು ಹತ್ತು ವರ್ಷದ ಹಿಂದೇನೇ ಮಾಡೀನಿ" ಎಂದು ಸುಮ್ಮನಾದರು.

ಪ್ರವಾದಿ ಮುಹಮ್ಮದ್(ಸ)ರು ಪ್ರಯಾಣದಲ್ಲಿ ಹಿಂದುಗಡೆ ಉಳಿದು, ದುರ್ಬಲರನ್ನು ಮುಂದಕ್ಕೆ ಕರೆತರುತ್ತಿದ್ದರು, ತಮ್ಮ ವಾಹನದ ಹಿಂದೆ ಕೂರಿಸಿಕೊಳ್ಳುತ್ತಿದ್ದರು ಎಂದು ಜಾಬಿರ್(ರ) ವರದಿ ಮಾಡಿದ್ದಾರೆ. ನಾಯಕನ ಸ್ಥಾನ ಎಲ್ಲಿ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಗೊತ್ತಿಲ್ಲ.

ಹಾಗಾದರೆ ಶಕ್ತಿಯಿದ್ದವನು ಬೆಟ್ಟ ಹತ್ತಲೇಬಾರದೇ? ಹತ್ತಲಿ. ಓದಿನಲ್ಲಿ, ಉದ್ಯೋಗದಲ್ಲಿ, ಸಂಪಾದನೆಯಲ್ಲಿ ನಮ್ಮ ಮಕ್ಕಳು ಮುಂದೆ ಹೋಗಲೇಬೇಕು. ಆದರೆ ಮುಂದೆ ಹೋಗುವವನ ಚೀಲದಲ್ಲಿ ಹೆಚ್ಚಾಗಿ ಎಲ್ಲರ ನೀರೂ ಇರುತ್ತದೆ: ತಂದೆ ಮಾರಿದ ಹೊಲ, ಅಕ್ಕ ಬಿಟ್ಟ ಶಾಲೆ, ಊರವರು ಕಟ್ಟಿದ ಫೀಸು. ಅದನ್ನು ತನ್ನದೆಂದು ತಿಳಿದು ಖರ್ಚು ಮಾಡುವಾಗ, ಆ ಖರ್ಚು ವುಝೂವಿನಂತಹ ಪುಣ್ಯಕಾರ್ಯಕ್ಕೇ ಆಗಿದ್ದರೂ, ಒಮ್ಮೆ ಹಿಂತಿರುಗಿ ನೋಡಬೇಕು.

ಆ ಸಂಜೆ ಅಸರ್ ನಮಾಝಿಗೆ ಮೊದಲು ಬಾಟಲಿಯನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಕುಡಿದು, ಉಳಿದದ್ದನ್ನು ನನಗೇ ಮರಳಿಸಿದರು.